ಕುಶಲೋಪರಿಯ ನಡುವೆ ಯುದ್ಧದ ಸುದ್ದಿ

1638ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಪಶ್ಚಿಮದಂಚಿನ ಹೆರಿಫರ್ಡ್‌ಷೈರ್‌ನಿಂದ 14 ವರ್ಷದ ಹುಡುಗನೊಬ್ಬ ಆಕ್ಸ್‌ಫರ್ಡಿಗೆ ಓದಲು ಹೊರಟ. ಹೆಸರು ಎಡ್ವರ್ಡ್ ಹಾರ್ಲಿ. ಮನೆಯವರ ಬಾಯಲ್ಲಿ ನೆಡ್. ವೇಲ್ಸ್ ಗಡಿಗೆ ಹತ್ತಿಕೊಂಡಿರುವ ಬ್ರಾಂಪ್ಟನ್ ಬ್ರಯನ್ ಎಂಬ ಹಳ್ಳಿಯ ಕೋಟೆಮನೆಯಲ್ಲಿ ಉಳಿದ ಅವನ ತಾಯಿ ಬ್ರಿಲಿಯಾನಾ, ಅಂದಿನಿಂದ ತಾನು ಕಣ್ಣು ಮುಚ್ಚುವ ತನಕ, ಐದು ವರ್ಷ, ಮಗನಿಗೆ ಕಾಗದ ಬರೆಯುತ್ತಲೇ ಇದ್ದಳು. ಆರೋಗ್ಯ ನೋಡಿಕೋ, ದೇವರ ಪ್ರಾರ್ಥನೆ ತಪ್ಪಿಸಬೇಡ ಎಂಬ ಬುದ್ಧಿಮಾತು ಒಂದು ಕಡೆ. ಕಾಲುಚೀಲ ಕಳಿಸಿದ್ದೇನೆ, ಸೇಬು ಕಳಿಸಿದ್ದೇನೆ, ಮಾಂಸ ತುಂಬಿ ಬೇಯಿಸಿದ ಪೈ ಕಳಿಸಿದ್ದೇನೆ ಎಂಬ ಪಟ್ಟಿ ಇನ್ನೊಂದು ಕಡೆ. ಹಾಸ್ಟೆಲಿನಲ್ಲಿರುವ ಮಗನಿಗೆ ಯಾವ ತಾಯಿಯೂ ಬರೆಯುವಂಥದ್ದೇ.

ಆದರೆ ಅದೇ ಹಾಳೆಗಳಲ್ಲಿ ಸ್ಕಾಟ್ಲೆಂಡಿನ ದಂಗೆಯ ಸುದ್ದಿಯಿದೆ. ಜರ್ಮನಿಯಲ್ಲಿ ನಡೆಯುತ್ತಿದ್ದ ಯುದ್ಧದ ಸುದ್ದಿಯಿದೆ. ದೊರೆ ಪಾರ್ಲಿಮೆಂಟನ್ನು ಕರೆಯುವನೇ ಇಲ್ಲವೇ ಎಂಬ ವಿಚಾರವಿದೆ. ನಿನಗೆ ಏನು ಗೊತ್ತಾಯಿತು, ಬರಿ ಎಂಬ ಒತ್ತಾಯವಿದೆ. ನಾಲ್ಕು ವರ್ಷದೊಳಗೆ ದೇಶವೇ ಎರಡು ಪಾಲಾಗಿ, ದೊರೆ ಒಂದು ಕಡೆ ಪಾರ್ಲಿಮೆಂಟು ಒಂದು ಕಡೆ ನಿಂತು ಕಾದಾಡಿದಾಗ, ಇಂಥ ಮನೆಮಂದಿಯ ಕಾಗದಗಳೇ ಸುದ್ದಿಪತ್ರಿಕೆಯೂ ಬೇಹುಗಾರರ ವರದಿಯೂ ಆದವು. ಒಂದೊಂದು ಸಲ ಮರಣಶಾಸನವೂ ಆದವು. ಇಂಗ್ಲೆಂಡಿನ ಅಂತರ್ಯುದ್ಧವನ್ನು ನಮ್ಮ ಶಾಲೆಯ ಪಾಠಪುಸ್ತಕಗಳು ಎರಡು ಹೆಸರುಗಳಲ್ಲಿ ಮುಗಿಸುತ್ತವೆ: ತಲೆ ಕಳೆದುಕೊಂಡ ಮೊದಲನೇ ಚಾರ್ಲ್ಸ್, ತಲೆ ತೆಗೆಸಿದ ಆಲಿವರ್ ಕ್ರಾಮ್‌ವೆಲ್. ಆ ಯುದ್ಧ ಊಟದ ಮೇಜಿನ ಸುತ್ತ ಹೇಗೆ ನಡೆಯಿತು ಎಂಬುದು ತಿಳಿಯಬೇಕಾದರೆ ಕಾಗದಗಳನ್ನೇ ಬಿಚ್ಚಬೇಕು.

ಆ ಕಾಲದಲ್ಲಿ ದೇಶದೊಳಗಿನ ರಾಜಕೀಯ ಸುದ್ದಿಯನ್ನು ಅಚ್ಚು ಹಾಕುವಂತಿರಲಿಲ್ಲ. ಹೊರದೇಶದ ಯುದ್ಧಗಳ ವರ್ತಮಾನ ಹೊತ್ತ ಸಣ್ಣ ಹಾಳೆಗಳು ಬರುತ್ತಿದ್ದವು. 1632ರಲ್ಲಿ ಅವುಗಳಿಗೂ ಬೀಗ ಬಿತ್ತು, 1638ರಲ್ಲಿ ಮತ್ತೆ ಅನುಮತಿ ಸಿಕ್ಕಿತು. ಪಾರ್ಲಿಮೆಂಟಿನೊಳಗೆ ಯಾರು ಏನು ಮಾತಾಡಿದರು ಎಂಬುದನ್ನು ಹೊರಗೆ ಹೇಳುವುದೇ ಸದನದ ಹಕ್ಕುಚ್ಯುತಿ. ಹಾಗಾಗಿ ಲಂಡನ್ನಿನಲ್ಲಿ ಇರುವ ಗಂಡ, ಮಗ, ಸೋದರಮಾವ, ಪರಿಚಯದ ವಕೀಲ, ಇವರೇ ಹಳ್ಳಿಯ ಮನೆಗಳಿಗೆ ಬಾತ್ಮೀದಾರರು. ಬಂದ ಕಾಗದವನ್ನು ಮನೆಯವರ ಮುಂದೆ ಗಟ್ಟಿಯಾಗಿ ಓದುತ್ತಿದ್ದರು, ನೆರೆಯವರಿಗೆ ತೋರಿಸುತ್ತಿದ್ದರು, ನಕಲು ಮಾಡಿ ಮುಂದಿನ ಊರಿಗೆ ದಾಟಿಸುತ್ತಿದ್ದರು. ಖಾಸಗಿ ಕಾಗದ ಎಂಬ ಮಾತಿಗೆ ನಾವು ಇಂದು ಕೊಡುವ ಅರ್ಥ ಆಗ ಪೂರ್ತಿ ಇರಲಿಲ್ಲ.

ಅಂಚೆಯೂ ಹೊಸದೇ. ದೊರೆಯ ಅಂಚೆಕುದುರೆಗಳ ವ್ಯವಸ್ಥೆಯನ್ನು ಸಾರ್ವಜನಿಕರಿಗೆ ತೆರೆದದ್ದು 1635ರಲ್ಲಿ. ಥಾಮಸ್ ವಿದರಿಂಗ್ಸ್ ಎಂಬ ವ್ಯಾಪಾರಿ ಅದರ ಹೊಣೆ ಹೊತ್ತ. 80 ಮೈಲಿಯೊಳಗಿನ ಒಂದು ಕಾಗದಕ್ಕೆ ಎರಡು ಪೆನ್ನಿ. ದೂರ ಹೆಚ್ಚಿದಂತೆ ದರ ಹೆಚ್ಚು. ಲಕೋಟೆ ಎಂಬುದಿಲ್ಲ, ಬರೆದ ಹಾಳೆಯನ್ನೇ ಮಡಿಸಿ, ಅರಗು ಇಳಿಸಿ, ಮೇಲೆ ಮೊಹರು ಒತ್ತಿದರೆ ಆಯಿತು. ಹೆದ್ದಾರಿಯಿಂದ ಒಳಗಿದ್ದ ಬ್ರಾಂಪ್ಟನ್ ಬ್ರಯನ್‌ನಂಥ ಊರುಗಳಿಗೆ ಸಾಮಾನು ಸಾಗಿಸುವ ಹೇರಿನವರೇ ಗತಿ. ಅವರು ಕಾಗದವನ್ನು ಕಳೆಯುವುದೂ ಉಂಟು, ಬೇರೆಯವರ ಕೈಗೆ ಕೊಡುವುದೂ ಉಂಟು. ಹೇರಿನವನ ಕೈಯಲ್ಲಿ ಕಳಿಸುವಾಗ ಯಾರು ನೋಡಿದರೂ ಅಡ್ಡಿಯಿಲ್ಲದ್ದನ್ನು ಮಾತ್ರ ಬರಿ ಎಂದು ಬ್ರಿಲಿಯಾನಾ ಮಗನಿಗೆ ಮೊದಲ ಚಳಿಗಾಲದಲ್ಲೇ ಎಚ್ಚರಿಸಿದ್ದಳು. ಯುದ್ಧಕ್ಕೆ ಇನ್ನೂ ನಾಲ್ಕು ವರ್ಷವಿತ್ತು!

ಜಗಳದ ಮೂಲ ಹಳೆಯದು. 1629ರಲ್ಲಿ ಪಾರ್ಲಿಮೆಂಟನ್ನು ವಿಸರ್ಜಿಸಿದ ಚಾರ್ಲ್ಸ್ 11 ವರ್ಷ ಅದರ ಮುಖ ನೋಡಲಿಲ್ಲ. ಕಡಲ ರಕ್ಷಣೆಗೆಂದು ಕರಾವಳಿಯ ಊರುಗಳಿಂದ ಎತ್ತುತ್ತಿದ್ದ ಹಡಗು ತೆರಿಗೆಯನ್ನು ಒಳನಾಡಿಗೂ ಹೇರಿದ. 1637ರಲ್ಲಿ ಸ್ಕಾಟ್ಲೆಂಡಿನ ಇಗರ್ಜಿಗಳ ಮೇಲೆ ಹೊಸ ಪ್ರಾರ್ಥನಾ ಪುಸ್ತಕ ಹೊರಿಸಿದ್ದೇ ತಡ, ಅಲ್ಲಿ ದಂಗೆಯಾಯಿತು. ಸ್ಕಾಟರೊಡನೆ ಯುದ್ಧಕ್ಕೆ ದುಡ್ಡಿಲ್ಲದೆ 1640ರಲ್ಲಿ ಪಾರ್ಲಿಮೆಂಟನ್ನು ಕರೆಯಲೇಬೇಕಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ನ್ಯೂಬರ್ನ್ ಎಂಬಲ್ಲಿ ಸ್ಕಾಟರ ಕೈಯಲ್ಲಿ ಸೋತ ದೊರೆಯ ಪಡೆಯ ನಾಯಕ ಲಾರ್ಡ್ ಕಾನ್ವೇ. ಈತ ಬ್ರಿಲಿಯಾನಾಳ ಒಡಹುಟ್ಟಿದ ಅಣ್ಣ. ಹಾರ್ಲಿ ಮನೆತನ ಕಟ್ಟಾ ಪ್ಯೂರಿಟನ್. ಅವರ ಒಲವು ಬಿಷಪ್ಪರನ್ನು ಬೇಡವೆಂದ ಸ್ಕಾಟರ ಕಡೆಗೆ. ಮನಸ್ಸು ಒಂದು ಕಡೆ, ಅಣ್ಣ ಇನ್ನೊಂದು ಕಡೆ. ಮುಂದೆ ಸಾವಿರಾರು ಮನೆಗಳಿಗೆ ಬಂದೊದಗಿದ ಇಕ್ಕಟ್ಟು ಈ ಮನೆಗೆ ಎರಡು ವರ್ಷ ಮೊದಲೇ ಬಂದಿತ್ತು.

ಗಂಡ ಸರ್ ರಾಬರ್ಟ್ ಹಾರ್ಲಿ ಹೆರಿಫರ್ಡ್‌ಷೈರ್‌ನ ಸದಸ್ಯನಾಗಿ ಲಂಡನ್ನಿಗೆ ಹೋದ. ನೆಡ್ ಕೂಡ ಆಕ್ಸ್‌ಫರ್ಡ್ ಬಿಟ್ಟು ತಂದೆಯ ಬಳಿ ಸೇರಿದ. ಮನೆ, ಕಿರಿಯ ಮಕ್ಕಳು, ಒಕ್ಕಲು, ಗೇಣಿ ಎಲ್ಲದರ ಭಾರ ಬ್ರಿಲಿಯಾನಾಳ ಮೇಲೆ. ಆಕೆ ಸಾಮಾನ್ಯ ಗೃಹಿಣಿಯಲ್ಲ. ತಂದೆ ನೆದರ್ಲೆಂಡ್ಸಿನ ಬ್ರಿಲ್ ಪಟ್ಟಣದ ಉಪರಾಜ್ಯಪಾಲನಾಗಿದ್ದಾಗ ಹುಟ್ಟಿದವಳು. ಊರಿನ ಹೆಸರೇ ಮಗುವಿನ ಹೆಸರಾಯಿತು. ಪುಸ್ತಕ ತರಿಸುವಾಗ ಇಂಗ್ಲಿಷಿಗಿಂತ ಫ್ರೆಂಚಿನಲ್ಲಿ ಸಿಕ್ಕರೆ ಒಳ್ಳೆಯದು ಎಂದು ಮಗನಿಗೆ ಬರೆಯುವಷ್ಟು ಓದು. ಪದೇ ಪದೇ ಕಾಯಿಲೆ ಬಿದ್ದು ಹಾಸಿಗೆ ಹಿಡಿಯುತ್ತಿದ್ದ ಆಕೆಗೆ ಹೊರಜಗತ್ತೆಂದರೆ ಕಾಗದವೇ.

1642ರ ಜನವರಿಯಲ್ಲಿ ದೊರೆ ಐವರು ಸದಸ್ಯರನ್ನು ಹಿಡಿಯಲು ಸೈನಿಕರೊಂದಿಗೆ ಸದನಕ್ಕೇ ನುಗ್ಗಿ, ಹಕ್ಕಿಗಳು ಹಾರಿಹೋದದ್ದು ಕಂಡು ಬರಿಗೈಲಿ ಮರಳಿದ. ಆ ಬಳಿಕ ಬ್ರಿಲಿಯಾನಾಳ ಕಾಗದಗಳ ಧಾಟಿ ಬದಲಾಗುತ್ತದೆ. ಸುದ್ದಿ ಈಗ ದೂರದ ವರ್ತಮಾನವಲ್ಲ, ಅಂಗಳದಲ್ಲೇ ಕಾಣುವಂಥದ್ದು. ಜೂನ್ ತಿಂಗಳ ಒಂದು ಕಾಗದದಲ್ಲಿ ಪಕ್ಕದ ಲಡ್ಲೋ ಪಟ್ಟಣದ ವಿಚಾರವಿದೆ. ಅಲ್ಲಿ ಜನ ಹಬ್ಬದ ಕಂಬ ನೆಟ್ಟು, ತುದಿಗೆ ತಲೆಯಂಥದೊಂದನ್ನು ಸಿಕ್ಕಿಸಿ, ಅದಕ್ಕೆ ಗುಂಡು ಹೊಡೆದು ನಕ್ಕರಂತೆ. ಅದು ದುಂಡುತಲೆಯವರ ಅಣಕ. ಪಾರ್ಲಿಮೆಂಟಿನ ಕಡೆಯವರನ್ನು ವಿರೋಧಿಗಳು ಕರೆಯುತ್ತಿದ್ದುದು ಹಾಗೆ. ಜಿಲ್ಲೆಯ ಬಹುತೇಕ ಜಮೀನ್ದಾರರು ದೊರೆಯ ಪರ. ನಿನ್ನೆ ಮೊನ್ನೆ ಮನೆಗೆ ಬಂದು ಹೋಗುತ್ತಿದ್ದ ನೆರೆಹೊರೆಯವರೇ ಈಗ ಶತ್ರುಗಳು. ಇಲ್ಲಿಂದ ಹೊರಟುಬಿಡುವುದು ಮೇಲೇನೋ ಎಂದು ಆಕೆ ಬರೆದಳು. ಅಲ್ಲಿರುವುದೇ ಕ್ಷೇಮ ಎಂಬುದು ಲಂಡನ್ನಿನಲ್ಲಿ ಕೂತಿದ್ದ ಗಂಡನ ಎಣಿಕೆ.

ಸರ್ ರಾಬರ್ಟನ ಎಣಿಕೆ ತಪ್ಪಿತು. ಒಕ್ಕಲುಗಳು ಗೇಣಿ ಕೊಡುವುದು ನಿಲ್ಲಿಸಿದರು, ದನಗಳನ್ನು ಹೊಡೆದುಕೊಂಡು ಹೋದರು, ದಾರಿಯಲ್ಲಿ ಕಾಗದಗಳನ್ನು ಹಿಡಿಯತೊಡಗಿದರು. 1643ರ ಆರಂಭದಲ್ಲಿ ಬ್ರಿಲಿಯಾನಾ ಮಗನಿಗೆ ಒಂದು ವಿಚಿತ್ರ ವಸ್ತು ಕಳಿಸಿದಳು. ಅಲ್ಲಲ್ಲಿ ಕಿಂಡಿ ಕತ್ತರಿಸಿದ ಕಾಗದದ ಹಾಳೆ ಅದು. ಶಾಯಿಯಲ್ಲಿ ಶಿಲುಬೆ ಗುರುತು ಮಾಡಿದ ತುದಿಯನ್ನು, ಬಂದ ಪತ್ರದ ಮೇಲಿನ ಸಣ್ಣ ಶಿಲುಬೆಗೆ ಸರಿಯಾಗಿ ಕೂರಿಸಿ ಗುಂಡುಸೂಜಿ ಚುಚ್ಚಬೇಕು. ಕಿಂಡಿಗಳಲ್ಲಿ ಕಾಣುವ ಪದಗಳನ್ನಷ್ಟೇ ಓದಬೇಕು. ಉಳಿದದ್ದೆಲ್ಲ ದಾರಿಯಲ್ಲಿ ಹಿಡಿದವನ ಕಣ್ಣಿಗೆ ಮಣ್ಣೆರಚುವ ಭರ್ತಿ ಮಾತು. ನೀನು ಬರೆಯುವಾಗಲೂ ಇದನ್ನೇ ಬಳಸು, ಇನ್ನೊಂದನ್ನು ನಿನ್ನ ತಂಗಿಗೆ ಕೊಡು ಎಂದು ಸೂಚನೆ ಬೇರೆ. ರಾಯಭಾರಿಗಳೂ ಗೂಢಚಾರರೂ ಬಳಸುತ್ತಿದ್ದ ಉಪಾಯ ಹೀಗೆ ತಾಯಿ ಮಕ್ಕಳ ನಡುವಿನ ವ್ಯವಹಾರವಾಯಿತು.

ಜುಲೈ 26ರಂದು ದೊರೆಯ ಪಡೆ ಬ್ರಾಂಪ್ಟನ್ ಬ್ರಯನ್‌ಗೆ ಮುತ್ತಿಗೆ ಹಾಕಿತು. ಸುಮಾರು 700 ಮಂದಿ. ಕೋಟೆಯ ಯಜಮಾನಿ ಬಾಗಿಲು ತೆರೆಯಲಿಲ್ಲ. ಮುತ್ತಿಗೆಯ ನಡುವೆ ಸ್ವತಃ ಚಾರ್ಲ್ಸ್ ದೊರೆಯಿಂದಲೇ ಆಕೆಗೆ ಕಾಗದ ಬಂತು. ಶರಣಾಗು ಎಂಬುದು ಅದರ ಸಾರ. ಆಕೆ ವಿನಯದ ಮಾತುಗಳಲ್ಲೇ ಉತ್ತರ ಬರೆದು, ದಿನ ದೂಡಿದಳು. ಆರು ವಾರ ಕಳೆದ ಮೇಲೆ, ಪಾರ್ಲಿಮೆಂಟಿನ ದಂಡು ಗ್ಲಾಸ್ಟರ್ ನಗರವನ್ನು ಬಿಡಿಸಲು ಬಂದ ಸುದ್ದಿ ಮುಟ್ಟಿ, ಮುತ್ತಿಗೆಕಾರರು ಸೆಪ್ಟೆಂಬರ್ 9ರಂದು ಕಾಲ್ತೆಗೆದರು. ಅಕ್ಟೋಬರ್ 9ರಂದು ನೆಡ್‌ಗೆ ಬರೆದ ಕೊನೆಯ ಕಾಗದದಲ್ಲಿ ತನಗೆ ಭಾರೀ ಶೀತವಾಗಿದೆ ಎಂದಿದ್ದಾಳೆ. ಆ ತಿಂಗಳು ಮುಗಿಯುವಷ್ಟರಲ್ಲಿ ತೀರಿಕೊಂಡಳು. ಮಗ ಆಗ ಪಾರ್ಲಿಮೆಂಟಿನ ಸೈನ್ಯದಲ್ಲಿದ್ದ. ಮರುವರ್ಷದ ಏಪ್ರಿಲಿನಲ್ಲಿ ಎರಡನೆಯ ಮುತ್ತಿಗೆಗೆ ಕೋಟೆ ಬಿತ್ತು, ಕಿರಿಯ ಮಕ್ಕಳು ಸೆರೆಯಾದರು.

<b>ತಂದೆ ಅಲ್ಲಿ, ಮಗ ಇಲ್ಲಿ</b>

ಹಾರ್ಲಿ ಮನೆಯಲ್ಲಿ ಕನಿಷ್ಠ ಗಂಡ ಹೆಂಡತಿ ಮಕ್ಕಳು ಒಂದೇ ಪಕ್ಷ. ಬಕಿಂಗ್‌ಹ್ಯಾಮ್‌ಷೈರ್‌ನ ಕ್ಲೇಡನ್ ಎಂಬಲ್ಲಿದ್ದ ವರ್ನಿ ಮನೆತನಕ್ಕೆ ಆ ಭಾಗ್ಯವೂ ಇರಲಿಲ್ಲ. ತಂದೆ ಸರ್ ಎಡ್ಮಂಡ್ ವರ್ನಿ, ಹಿರಿಯ ಮಗ ರಾಲ್ಫ್, ಇಬ್ಬರೂ 1640ರ ಪಾರ್ಲಿಮೆಂಟಿನ ಸದಸ್ಯರು. ರಾಲ್ಫ್ ಸದನದಲ್ಲಿ ಮಡಿಸಿದ ಹಾಳೆಯನ್ನು ಮೊಣಕಾಲ ಮೇಲಿಟ್ಟು ಚರ್ಚೆಯ ಟಿಪ್ಪಣಿಗಳನ್ನು ಪೆನ್ಸಿಲಿನಲ್ಲಿ ಗೀಚಿಕೊಳ್ಳುತ್ತಿದ್ದ. 1845ರಲ್ಲಿ ಅಚ್ಚಾದ ಆ ಟಿಪ್ಪಣಿ ಇಂದಿಗೂ ಇತಿಹಾಸಕಾರರಿಗೆ ಬೇಕಾದ ಆಕರ. ಸುದ್ದಿಗಾರನ ಕೆಲಸವನ್ನು ಸುದ್ದಿಗಾರನೆಂಬ ಹೆಸರಿಲ್ಲದೆಯೇ ಮಾಡಿದವನು ಈತ.

1642ರ ಬೇಸಿಗೆಯಲ್ಲಿ ಪಕ್ಷ ಆರಿಸಿಕೊಳ್ಳಲೇಬೇಕಾದಾಗ ತಂದೆ ದೊರೆಯ ಜೊತೆ ಹೋದ, ಮಗ ಪಾರ್ಲಿಮೆಂಟಿನಲ್ಲಿ ಉಳಿದ. ತಮಾಷೆಯೆಂದರೆ ವಿಚಾರದಲ್ಲಿ ತಂದೆಗೂ ಮಗನಿಗೂ ಅಂಥ ಭೇದವಿರಲಿಲ್ಲ. ಬಿಷಪ್ಪರ ಮೇಲೆ ಸರ್ ಎಡ್ಮಂಡನಿಗೂ ಗೌರವ ಅಷ್ಟಕ್ಕಷ್ಟೇ. ದೊರೆ ರಾಜಿಗೆ ಒಪ್ಪಬೇಕು ಎಂಬುದೇ ಅವನ ಆಸೆ. ಆದರೆ ಸುಮಾರು 30 ವರ್ಷ ದೊರೆಯ ಉಪ್ಪು ತಿಂದವನು, ಈಗ ಕೈಬಿಡುವಷ್ಟು ಹೀನನಾಗಲಾರೆ ಎಂದು ಗೆಳೆಯನ ಮುಂದೆ ಹೇಳಿಕೊಂಡ. ಋಣ ತೀರಿಸುವ ಈ ಮಾತು ನಮ್ಮ ಊರಿನ ಯಾವ ಹಿರಿಯನ ಬಾಯಲ್ಲಾದರೂ ಬರಬಹುದಾದದ್ದು. ದಂಡಿನ ನಡುವಿನಿಂದಲೇ ಆತ ಕ್ಲೇಡನ್ನಿನ ಪಾರುಪತ್ತೇಗಾರನಿಗೆ ಬೆಳೆ, ಮದ್ದುಗುಂಡು, ಬಂದೂಕುಗಳ ಬಗ್ಗೆ ಸೂಚನೆ ಬರೆಯುತ್ತಿದ್ದ.

ರಾಲ್ಫನ ತಮ್ಮನ ಹೆಸರೂ ಎಡ್ಮಂಡ್, ಮನೆಯಲ್ಲಿ ಮನ್. ಅವನು ದೊರೆಯ ಸೈನಿಕ. ಅಣ್ಣ ಪಾರ್ಲಿಮೆಂಟಿನ ಪರ ನಿಂತನೆಂದು ತಿಳಿದಾಗ ಅವನು ಬರೆದ ಕಾಗದ ಇಡೀ ಯುದ್ಧದ ಅತ್ಯಂತ ನೋವಿನ ದಾಖಲೆಗಳಲ್ಲೊಂದು. ದೊರೆತನ ಪವಿತ್ರವಾದದ್ದು, ದೇವರ ಅಭಿಷಿಕ್ತನ ಮೇಲೆ ಕೈಮಾಡಬಾರದು ಎಂದು ಅಣ್ಣನಿಗೆ ಬುದ್ಧಿ ಹೇಳುತ್ತಾನೆ. ತಂದೆ ಅಷ್ಟು ನೊಂದಿದ್ದಾರೆ, ನೀನು ಹೀಗೆ ಮಾಡಬಹುದೇ ಎನ್ನುತ್ತಾನೆ. ಇಷ್ಟೆಲ್ಲ ಹೇಳಿಯೂ ಅಣ್ಣನೊಂದಿಗೆ ಸಂಬಂಧ ಮುರಿಯುವ ಮಾತು ಅವನ ಲೇಖನಿಯಿಂದ ಬರುವುದಿಲ್ಲ. ಅವರ ಮನೆಗೆ ಬೇಕಾದವಳಾಗಿದ್ದ ಲೇಡಿ ಸಸೆಕ್ಸ್ ಎಂಬ ಹಿರಿಯ ಹೆಂಗಸು ತಂದೆಗೂ ಮಗನಿಗೂ ನಡುವೆ ಕಾಗದಗಳ ಸೇತುವೆ ಕಟ್ಟಲು ನೋಡಿದಳು.

ಅಕ್ಟೋಬರ್ 23ರಂದು ಎಜ್‌ಹಿಲ್‌ನಲ್ಲಿ ಮೊದಲ ದೊಡ್ಡ ಕದನ ನಡೆಯಿತು. ದೊರೆಯ ಬಾವುಟ ಹಿಡಿದಿದ್ದ ಸರ್ ಎಡ್ಮಂಡ್ ಅಲ್ಲೇ ಬಿದ್ದ. ಬಾವುಟ ಶತ್ರುಗಳ ಪಾಲಾಗಿ, ಮತ್ತೆ ಅವರಿಂದ ಕಿತ್ತುಕೊಂಡು ತಂದದ್ದಾಯಿತು. ಕಡಿದು ಬಿದ್ದ ಕೈ ಮಾತ್ರ ಬಾವುಟದ ಕೋಲನ್ನು ಬಿಡದೆ ಹಿಡಿದಿತ್ತು ಎಂಬ ಕಥೆ ಆ ಸೀಮೆಯಲ್ಲಿ ಬೆಳೆಯಿತು. ನಿಜ ಏನೇ ಇರಲಿ, ಶವ ಸಿಗಲಿಲ್ಲ. ಲಂಡನ್ನಿನಲ್ಲಿದ್ದ ರಾಲ್ಫ್ ತಂದೆಯ ಹೆಣ ಹುಡುಕಲು ಆಳನ್ನು ಕಳಿಸಿದ, ವಿಚಾರಿಸಿದ, ಪ್ರಯೋಜನವಾಗಲಿಲ್ಲ. ಜಗಳ ಬಗೆಹರಿಯುವ ಮೊದಲೇ ತಂದೆ ಹೋದ.

ಯುದ್ಧ ಶುರುವಾಗುವ ಹೊತ್ತಿಗೆ ಅಚ್ಚಿನ ಬೇಲಿಯೂ ಮುರಿದಿತ್ತು. 1641ರಲ್ಲಿ ಸ್ಟಾರ್ ಚೇಂಬರ್ ನ್ಯಾಯಾಲಯ ರದ್ದಾಯಿತು, ಅದರೊಡನೆ ಮುದ್ರಣದ ಮೇಲಿನ ಬಿಗಿ ಹಿಡಿತವೂ ಹೋಯಿತು. ಆ ವರ್ಷದ ನವೆಂಬರಿನಲ್ಲಿ ಪಾರ್ಲಿಮೆಂಟಿನ ವಾರದ ಕಲಾಪ ಹೇಳುವ ಮೊದಲ ಮುದ್ರಿತ ಸುದ್ದಿಹೊತ್ತಗೆ ಲಂಡನ್ನಿನಲ್ಲಿ ಹೊರಬಂತು. 1643ರಲ್ಲಿ ದೊರೆಯ ಪಕ್ಷದ 'ಮರ್ಕ್ಯೂರಿಯಸ್ ಆಲಿಕಸ್' ಆಕ್ಸ್‌ಫರ್ಡಿನಿಂದಲೂ, ಅದಕ್ಕೆ ಜವಾಬಾಗಿ ಪಾರ್ಲಿಮೆಂಟಿನ 'ಮರ್ಕ್ಯೂರಿಯಸ್ ಬ್ರಿಟಾನಿಕಸ್' ಲಂಡನ್ನಿನಿಂದಲೂ ಶುರುವಾದವು. ಜಾರ್ಜ್ ಥಾಮಸನ್ ಎಂಬ ಪುಸ್ತಕ ವ್ಯಾಪಾರಿ 1640ರಿಂದ 1661ರವರೆಗೆ ಕೂಡಿಟ್ಟ ಇಂಥ ಹೊತ್ತಗೆ ಕರಪತ್ರಗಳೇ 22,000ಕ್ಕೂ ಹೆಚ್ಚು. ಹೀಗಿದ್ದೂ ಕಾಗದ ಬರೆಯುವುದು ಕಡಿಮೆಯಾಗಲಿಲ್ಲ. ಹೊತ್ತಗೆಯನ್ನು ಮಡಿಸಿ ಕಾಗದದ ಜೊತೆ ಇಟ್ಟು, ಇದರಲ್ಲಿ ಯಾವುದು ನಿಜ ಯಾವುದು ಬುರುಡೆ ಎಂದು ಬರೆದು ಕಳಿಸುವ ವಾಡಿಕೆ ಬಂತು. ಅಚ್ಚಾದದ್ದಕ್ಕಿಂತ ಮನೆಯವನ ಕೈಬರಹದ ಮೇಲೇ ಜನರಿಗೆ ನಂಬಿಕೆ ಜಾಸ್ತಿ.

<b>ದೊರೆಯ ಪೆಟ್ಟಿಗೆ</b>

ಕಾಗದ ಹಿಡಿಯುವುದು, ಒಡೆದು ಓದುವುದು ಎರಡೂ ಪಕ್ಷಗಳಿಗೆ ಯುದ್ಧದ ಒಂದು ಅಂಗವಾಗಿತ್ತು. ಗಣಿತದಲ್ಲಿ ಅನಂತಕ್ಕೆ ಮಲಗಿದ ಎಂಟಿನಂಥ ಚಿಹ್ನೆಯನ್ನು ಕೊಟ್ಟ ಜಾನ್ ವಾಲಿಸ್ ಮೊದಲು ಹೆಸರು ಮಾಡಿದ್ದು ಪಾರ್ಲಿಮೆಂಟಿಗಾಗಿ ಗುಪ್ತಲಿಪಿ ಬಿಡಿಸುವ ಕೆಲಸದಲ್ಲಿ. ಒಂದು ರಾತ್ರಿ ಊಟವಾದ ಮೇಲೆ ಯಾರೋ ತೋರಿಸಿದ ಹಿಡಿದ ಕಾಗದವನ್ನು ಮಲಗುವ ಮೊದಲೇ ಬಿಡಿಸಿಟ್ಟೆ ಎಂದು ಆತನೇ ಹೇಳಿಕೊಂಡಿದ್ದಾನೆ.

ದೊಡ್ಡ ಬೇಟೆ ಸಿಕ್ಕಿದ್ದು 1645ರ ಜೂನ್ 14ರಂದು. ನೇಸ್‌ಬಿ ಕದನದಲ್ಲಿ ದೊರೆಯ ಸೈನ್ಯ ನುಚ್ಚುನೂರಾಯಿತು. ಅವನ ಸಾಮಾನಿನ ಗಾಡಿಗಳಲ್ಲಿ ಕಾಗದದ ಪೆಟ್ಟಿಗೆಯೊಂದು ಪಾರ್ಲಿಮೆಂಟಿನ ಕೈಗೆ ಬಿತ್ತು. ಒಳಗಿದ್ದವು ಚಾರ್ಲ್ಸ್ ತನ್ನ ರಾಣಿ ಹೆನ್ರಿಯೆಟಾ ಮರಿಯಾಳೊಂದಿಗೆ ನಡೆಸಿದ ಪತ್ರವ್ಯವಹಾರ. ಫ್ರಾನ್ಸಿನಲ್ಲಿದ್ದ ಹೆಂಡತಿಗೆ ಗಂಡ ಬರೆದ ಪ್ರೀತಿಯ ಮಾತುಗಳ ನಡುವೆ ರಾಜ್ಯದ ಗುಟ್ಟೆಲ್ಲ ಇತ್ತು. ಐರ್ಲೆಂಡಿನಿಂದಲೂ ಯೂರೋಪಿನಿಂದಲೂ ಕ್ಯಾಥಲಿಕ್ ಸೈನ್ಯ ತರಿಸುವ ಮಾತುಕತೆ ಇತ್ತು. ಅದಕ್ಕೆ ಪ್ರತಿಯಾಗಿ ಕ್ಯಾಥಲಿಕರ ಮೇಲಿನ ಕಾನೂನುಗಳನ್ನು ತೆಗೆಯುವ ಭರವಸೆಯೂ ಇತ್ತು. ಪ್ರೊಟೆಸ್ಟೆಂಟ್ ಧರ್ಮದ ರಕ್ಷಕನೆಂದು ಊರೆಲ್ಲ ಸಾರುತ್ತಿದ್ದ ದೊರೆಯ ಕೈಬರಹದಲ್ಲೇ!

ಪಾರ್ಲಿಮೆಂಟು ಈ ಕಾಗದಗಳನ್ನು ಲಂಡನ್ನಿನ ಗಿಲ್ಡ್‌ಹಾಲ್‌ನಲ್ಲಿ ನಾಗರಿಕರ ಮುಂದೆ ಓದಿಸಿತು. ಜುಲೈ ತಿಂಗಳಲ್ಲೇ 'ದೊರೆಯ ಪೆಟ್ಟಿಗೆ ತೆರೆಯಿತು' ಎಂಬರ್ಥದ ಹೆಸರಿನಲ್ಲಿ, ಟಿಪ್ಪಣಿ ಸಮೇತ ಅಚ್ಚು ಹಾಕಿ ಹಂಚಿತು. ಗಂಡಹೆಂಡಿರ ಕಾಗದವನ್ನು ಬೀದಿಗೆ ತರುವುದು ಯಾವ ಮರ್ಯಾದೆ ಎಂದು ದೊರೆಯ ಪಕ್ಷ ಕೂಗಾಡಿತು. ಹೆಂಡತಿಯ ಮಾತಿನಂತೆ ರಾಜ್ಯ ಆಳುವವನಿಗೆ ಖಾಸಗಿ ಎಂಬುದು ಎಲ್ಲಿದೆ ಎಂದು ಎದುರು ಪಕ್ಷ ಕೇಳಿತು. ರಾಜಕಾರಣಿಯ ಖಾಸಗಿ ಮಾತು ಎಲ್ಲಿಯವರೆಗೆ ಖಾಸಗಿ ಎಂಬ ಪ್ರಶ್ನೆಯನ್ನು ಮುದ್ರಣ ಜಗತ್ತು ಇಷ್ಟು ದೊಡ್ಡ ದನಿಯಲ್ಲಿ ಎತ್ತಿದ್ದು ಇಲ್ಲೇ. ಕೈಬರಹ ತನ್ನದಲ್ಲ ಎಂದು ಚಾರ್ಲ್ಸ್ ಹೇಳಲಿಲ್ಲ, ಹೇಳುವಂತೆಯೂ ಇರಲಿಲ್ಲ.

ರಾಲ್ಫ್ ವರ್ನಿಯ ಪಾಡು ಅಷ್ಟರಲ್ಲಿ ಎರಡೂ ದಡ ಬಿಟ್ಟಂತಾಗಿತ್ತು. 1643ರಲ್ಲಿ ಸ್ಕಾಟರೊಡನೆ ಮಾಡಿಕೊಂಡ ಧಾರ್ಮಿಕ ಒಪ್ಪಂದಕ್ಕೆ ಪ್ರತಿ ಸದಸ್ಯನೂ ಪ್ರಮಾಣ ಮಾಡಬೇಕೆಂದು ಪಾರ್ಲಿಮೆಂಟು ಕಟ್ಟಪ್ಪಣೆ ಮಾಡಿದಾಗ, ಮನಸ್ಸೊಪ್ಪದ ಪ್ರಮಾಣ ಮಾಡಲಾರೆನೆಂದು ಆತ ಹೆಂಡತಿ ಮೇರಿಯೊಡನೆ ಫ್ರಾನ್ಸಿಗೆ ಹೋಗಿಬಿಟ್ಟ. ದೊರೆಗಾಗಿ ಸತ್ತ ತಂದೆಯ ಮಗನೂ, ಪಾರ್ಲಿಮೆಂಟಿಗಾಗಿ ತಂದೆಯನ್ನು ಎದುರು ಹಾಕಿಕೊಂಡವನೂ ಆದ ರಾಲ್ಫನ ಆಸ್ತಿಯನ್ನು ಕೊನೆಗೆ ಪಾರ್ಲಿಮೆಂಟೇ ಜಪ್ತಿ ಮಾಡಿತು.

ಅದನ್ನು ಬಿಡಿಸಿಕೊಳ್ಳಲು 1646ರ ಕೊನೆಗೆ ಮೇರಿ ಒಬ್ಬಳೇ ಇಂಗ್ಲೆಂಡಿಗೆ ಮರಳಿದಳು, ಅದೂ ಗರ್ಭಿಣಿ. ಒಂದು ವರ್ಷಕ್ಕೂ ಹೆಚ್ಚು ಕಾಲ ಸಮಿತಿಗಳ ಬಾಗಿಲು ಕಾದಳು, ದೊಡ್ಡವರ ಮನೆ ಅಲೆದಳು, ಯಾರ ಹೆಂಡತಿಯನ್ನು ಹಿಡಿದರೆ ಯಾವ ಸದಸ್ಯ ಬಗ್ಗುತ್ತಾನೆ ಎಂದು ಲೆಕ್ಕ ಹಾಕಿದಳು. ಎಲ್ಲವನ್ನೂ ಗಂಡನಿಗೆ ಬರೆದಳು. ರಾಲ್ಫ್ ಕಡೆಯಿಂದಲೂ ಉದ್ದುದ್ದ ಉತ್ತರ. ತಾನು ಬರೆದ ಕಾಗದಗಳ ಕರಡನ್ನೂ ಜೋಪಾನ ಮಾಡುವ ಸ್ವಭಾವ ಅವನದು. 1647ರ ಅಕ್ಟೋಬರಿನಲ್ಲಿ ಫ್ರಾನ್ಸಿನ ಬ್ಲ್ವಾ ಪಟ್ಟಣದಲ್ಲಿ ತಂದೆಯ ಬಳಿಯಿದ್ದ ಮಗಳು ಪೆಗ್ ತೀರಿಕೊಂಡಳು. ಕೆಲವೇ ದಿನಗಳ ಅಂತರದಲ್ಲಿ ಇಂಗ್ಲೆಂಡಿನಲ್ಲಿ ತಾಯಿ ಹೆತ್ತ ಕೂಸೂ ಹೋಯಿತು. ಒಬ್ಬರ ದುಃಖ ಇನ್ನೊಬ್ಬರಿಗೆ ಗೊತ್ತಿಲ್ಲ. ಎರಡು ಸಾವಿನ ಸುದ್ದಿ ಹೊತ್ತ ಕಾಗದಗಳು ಕಡಲಿನ ಎರಡು ದಡಗಳಿಂದ ಹೊರಟಿದ್ದವು. ಮಗಳ ಸಾವನ್ನು ಹೆಂಡತಿಗೆ ತಾನೇ ಬರೆಯುವ ಧೈರ್ಯವಾಗದೆ ರಾಲ್ಫ್ ಅದನ್ನು ವೈದ್ಯನಾಗಿದ್ದ ಸೋದರಮಾವ ವಿಲಿಯಂ ಡೆಂಟನ್‌ಗೆ ಬರೆದ. ಈ ಡೆಂಟನ್ ವರ್ಷಗಟ್ಟಲೆ ಲಂಡನ್ನಿನ ರಾಜಕೀಯವನ್ನು ನಗೆಚಾಟಿಕೆ ಬೆರೆಸಿ ಅಳಿಯನಿಗೆ ಬರೆದು ತಿಳಿಸುತ್ತಿದ್ದವನು. ಈ ಸಲ ಸುದ್ದಿಯನ್ನು ಬಾಯಲ್ಲೇ ಹೇಳಬೇಕಾಯಿತು.

1648ರ ಜನವರಿಯಲ್ಲಿ ಮೇರಿ ಗೆದ್ದಳು, ಜಪ್ತಿ ರದ್ದಾಯಿತು. ಮರುವರ್ಷದ ಜನವರಿಯಲ್ಲಿ ದೊರೆಯ ಶಿರಚ್ಛೇದವಾಯಿತು. ಅದೇ 1649ರ ಸೆಪ್ಟೆಂಬರಿನಲ್ಲಿ ಐರ್ಲೆಂಡಿನ ದ್ರೊಘೆಡಾ ಪಟ್ಟಣ ಕ್ರಾಮ್‌ವೆಲ್‌ಗೆ ಬಿದ್ದಾಗ ಅಲ್ಲಿದ್ದ ಮನ್ ವರ್ನಿ ಸತ್ತ. ಪ್ರಾಣದಾನ ಸಿಕ್ಕ ಮೇಲೆಯೇ ಅವನನ್ನು ಪಕ್ಕಕ್ಕೆ ಕರೆದು ಇರಿದರು ಎಂಬ ವಿವರ ರಾಲ್ಫನನ್ನು ಮುಟ್ಟಿದ್ದೂ ಕಾಗದದ ಮೂಲಕವೇ. ಅಣ್ಣತಮ್ಮಂದಿರ ಮನಸ್ಸು ಅಷ್ಟರಲ್ಲಿ ತಿಳಿಯಾಗಿತ್ತು. 1650ರಲ್ಲಿ ಮೇರಿ ಬ್ಲ್ವಾದಲ್ಲಿ ತೀರಿಕೊಂಡಳು. ರಾಲ್ಫ್ ಆಕೆಯ ದೇಹವನ್ನು ಕೆಡದಂತೆ ಮಾಡಿಸಿ ಊರಿಗೆ ಕಳಿಸಿದ, ತಾನು ಮರಳಿದ್ದು 1653ರಲ್ಲಿ.

ಕೈಗೆ ಬಂದ ಯಾವ ಚೀಟಿಯನ್ನೂ ಆತ ಎಸೆಯಲಿಲ್ಲ. ಅವನ ವಂಶದವರೂ ಎಸೆಯಲಿಲ್ಲ. ಎರಡು ಶತಮಾನ ಪೆಟ್ಟಿಗೆಗಳಲ್ಲಿ ಕೂತಿದ್ದ 30,000ಕ್ಕೂ ಹೆಚ್ಚು ಕಾಗದಗಳನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಬಿಚ್ಚಿ ಓದಿ, ಪುಸ್ತಕಕ್ಕೆ ಅಣಿ ಮಾಡಿದವಳು ಆ ಮನೆಯ ಸೊಸೆ ಪಾರ್ಥಿನೋಪಿ. ದೀಪಧಾರಿಣಿ ಫ್ಲಾರೆನ್ಸ್ ನೈಟಿಂಗೇಲಳ ಅಕ್ಕ ಈಕೆ. ಮೊದಲ ಸಂಪುಟಗಳು ಹೊರಬಂದದ್ದು 1892ರಲ್ಲಿ, ಆಕೆ ತೀರಿಕೊಂಡ ಎರಡು ವರ್ಷಕ್ಕೆ. ಬ್ರಿಲಿಯಾನಾಳ ಇನ್ನೂರಕ್ಕೂ ಹೆಚ್ಚು ಕಾಗದಗಳು ಅದಕ್ಕೂ ಮೊದಲು, 1854ರಲ್ಲಿ ಅಚ್ಚಾಗಿದ್ದವು. ಆಕೆಯ ಮೊಮ್ಮಗ, ನೆಡ್‌ನ ಮಗ ರಾಬರ್ಟ್ ಹಾರ್ಲಿ ಮುಂದೆ ಆ್ಯನ್ ರಾಣಿಯ ಮಂತ್ರಿಯಾದ. ಅವನು ಕೂಡಿಸಿದ ಹಸ್ತಪ್ರತಿಗಳು ಬ್ರಿಟಿಷ್ ಮ್ಯೂಸಿಯಂ ಗ್ರಂಥಭಂಡಾರದ ಮೊದಲ ಬಂಡವಾಳಗಳಲ್ಲಿ ಒಂದಾದವು. ಮಿಡಲ್ ಕ್ಲೇಡನ್ ಊರಿನ ಇಗರ್ಜಿಯಲ್ಲಿ ರಾಲ್ಫ್ ನಿಲ್ಲಿಸಿದ ಸ್ಮಾರಕ ಇಂದಿಗೂ ಇದೆ. ತಂದೆ, ತಾಯಿ, ಮೇರಿ ಮತ್ತು ಅವನದೇ ಮುಖಗಳು ಒಂದೇ ಕಲ್ಲಿನಲ್ಲಿ ಜೊತೆಯಾಗಿವೆ. ಆ ಕಲ್ಲಿನ ಕೆಳಗೆ ಸರ್ ಎಡ್ಮಂಡನ ದೇಹ ಇಲ್ಲ.